ಸೋಮವಾರ ಹೇಗೂ ಹೋಗಬೇಕಲ್ಲ

ಕಳೆದ ವಾರ ಆಫೀಸಿನವರು ನಮಗೆಲ್ಲ ಪುಕ್ಕಟೆ ಆರೋಗ್ಯ ತಪಾಸಣೆ ಮಾಡಿಸಿದರು. ಚೆನ್ನೈನ ಗಿಂಡಿ ಬಡಾವಣೆಯ ಕಚೇರಿಯೊಂದರಲ್ಲಿ ಕೂತು ಕೂತೇ ಐವತ್ತರ ಹತ್ತಿರ ಬಂದ ನನ್ನಂಥವರಿಗೆ ಅದರ ಫಲಿತಾಂಶ ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ. ಊಟದ ಹೊತ್ತಿಗೆ ಬಂದ ಲಕೋಟೆ ಒಡೆದರೆ ಹೊಟ್ಟೆಯ ಸ್ಕ್ಯಾನಿನ ಕೆಳಗೆ ‘ಫ್ಯಾಟಿ ಲಿವರ್, ಗ್ರೇಡ್ ಒಂದು’ ಎಂದಿತ್ತು. ಪಕ್ಕದ ಮೇಜಿನವನಿಗೆ ಗ್ರೇಡ್ ಎರಡು. ಬಡ್ತಿ ಸಿಕ್ಕವನ ಹಾಗೆ ಅವನು ಅದನ್ನು ಎಲ್ಲರಿಗೂ ತೋರಿಸಿಕೊಂಡು ಬಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಮಾತನ್ನು ನಾನು ಮೊದಲು ಕೇಳಿದ್ದು ಆಸ್ಪತ್ರೆಯೊಂದರಲ್ಲಿ, ನನ್ನ ತಂಗಿ ವೀಣಾಳ ಹೆಸರಿನ ಜೊತೆ.

ಎರಡೂ ಒಂದೇ ಕಾಯಿಲೆ ಎಂದು ತಿಳಿಯಬೇಡಿ. ನನ್ನದು ವರ್ಷಗಟ್ಟಲೆ ಸಂಜೆ ಹೊತ್ತು ತಿಂದ ಬಜ್ಜಿ ವಡೆಗಳ ಸಂಪಾದನೆ. ಅವಳದು ಬಸುರಿನ ಕೊನೆಯ ತಿಂಗಳುಗಳಲ್ಲಿ ಎಲ್ಲೋ ಒಬ್ಬರಿಗೆ, ಹೇಳದೆ ಕೇಳದೆ, ಕೆಲವೇ ದಿನಗಳಲ್ಲಿ ಮೇಲೆ ಬೀಳುವಂಥದ್ದು.

ಒಂಬತ್ತು ವರ್ಷದ ಹಿಂದಿನ ಮಾತು. ವೀಣಾ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಮಂಡ್ಯದಲ್ಲಿ ಹೈಸ್ಕೂಲು ಮೇಷ್ಟರಾಗಿರುವ ಮಹೇಶನಿಗೆ ಅವಳನ್ನು ಕೊಟ್ಟಿದ್ದೆವು. ಮೊದಲ ಹೆರಿಗೆ ತವರಿನಲ್ಲಾಗಬೇಕು, ಸರಿ. ಆದರೆ ಅಪ್ಪ ಎಂದೋ ಹೋಗಿದ್ದರು, ಹಿಂದಿನ ವರ್ಷ ಅಮ್ಮನೂ ಹೋಗಿದ್ದರು. ಉಳಿದ ತವರು ಎಂದರೆ ನುಂಗಂಬಾಕ್ಕಂನ ಹಳೆಯ ಬೀದಿಯೊಂದರಲ್ಲಿದ್ದ ನಮ್ಮ ಎರಡು ಕೋಣೆಯ ಬಾಡಿಗೆ ಮನೆ. ಏಳು ತಿಂಗಳು ತುಂಬಿದ ಮೇಲೆ ಹೋಗಿ ಕರೆತಂದೆ. ರೈಲಿನಲ್ಲಿ ಅವಳಿಗೆ ದಾರಿಯುದ್ದಕ್ಕೂ ಚೆನ್ನೈ ಸೆಖೆಯ ಬಗ್ಗೆ ಭಾಷಣ ಮಾಡಿದ್ದೂ ನೆನಪಿದೆ.

ತವರಿನ ಪದವಿ ನನ್ನ ತಲೆಗೇರಿತ್ತು. ದಿನಾ ಎಳನೀರು ತಂದೆ. ಕಲ್ಲಂಗಡಿ ಹೊತ್ತುಕೊಂಡು ಮೂರು ಮಹಡಿ ಹತ್ತಿದೆ. ತಣ್ಣಗಿರಲಿ ಎಂದು ಮಣ್ಣಿನ ಹೂಜಿ ಕೊಂಡೆ. ನನ್ನ ಹೆಂಡತಿ ಸುಮಾ ಬ್ಯಾಂಕಿನ ಕೆಲಸಕ್ಕೆ ಹೊರಡುವ ಮೊದಲು ಬೆಳಗ್ಗೆ ಐದಕ್ಕೇ ಎದ್ದು ನಾದಿನಿಗೆ ಬೇಕಾದ ಅಡುಗೆ ಮಾಡಿಡುತ್ತಿದ್ದಳು. ಎಂಟನೆಯ ತಿಂಗಳು ಮುಗಿಯುವ ಹೊತ್ತಿಗೆ ವೀಣಾ ಹೂಜಿಯ ನೀರನ್ನೆಲ್ಲ ಒಬ್ಬಳೇ ಕುಡಿದು ಮುಗಿಸತೊಡಗಿದಳು. ಎಷ್ಟು ಕುಡಿದರೂ ದಾಹ. ಕುಡಿದಷ್ಟೂ ಬಚ್ಚಲಿಗೆ ಓಡಾಟ. “ಹಿಂಗೇ ಕುಡೀತಿದ್ರೆ ಚೆಂಬರಂಬಾಕ್ಕಂ ಕೆರೆ ಖಾಲಿ ಆಗುತ್ತೆ, ಊರಿಗೆಲ್ಲ ನೀರಿಲ್ಲ” ಎಂದು ನಾನು ತಮಾಷೆ ಮಾಡಿದೆ. ಅವಳೂ ನಕ್ಕಳು. ಆ ದಾಹ ಸೆಖೆಯದ್ದಲ್ಲ ಎಂದು ಆಮೇಲೆ ವೈದ್ಯರು ಹೇಳಿದಾಗ ನಾನು ತಲೆ ತಗ್ಗಿಸಿ ನಿಂತಿದ್ದೆ.

ಅದು ಶುಕ್ರವಾರ. ನಾನು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದೆ. ವೀಣಾ ಗೋಡೆ ಹಿಡಿದುಕೊಂಡು ಬಂದಳು.

“ಅಣ್ಣ, ಯಾಕೋ ಸರಿ ಇಲ್ಲ ಕಣೋ. ಅನ್ನದ ವಾಸ್ನೆಗೇ ವಾಂತಿ ಬರುತ್ತೆ. ಇಲ್ಲಿ, ಬಲಗಡೆ, ಹಿಡ್ಕೊಂಡಂಗಾಗುತ್ತೆ.”

“ಸೋಮವಾರ ಹೇಗೂ ಡಾಕ್ಟರ ಹತ್ರ ಹೋಗಬೇಕಲ್ಲ, ಅವತ್ತೇ ಹೇಳೋಣ. ಈಗ ಒಂದು ಗ್ಯಾಸಿನ ಮಾತ್ರೆ ತಗೊಂಡು ಮಲಗು” ಎಂದೆ. ಆಫೀಸಿನಲ್ಲಿ ಆ ದಿನ ಮುಖ್ಯವಾದ ಒಂದು ಮೀಟಿಂಗ್ ಇತ್ತು. ಯಾವುದರ ಬಗ್ಗೆ ಎಂದು ಈಗ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ಅವಳು “ಹೂಂ” ಎಂದು ಒಳಗೆ ಹೋದಳು. ನಾನು ರೈಲು ಹಿಡಿಯಲು ಓಡಿದೆ.

ಮರುದಿನ ಬೆಳಗ್ಗೆ ವೀಣಾ ಕಿಟಕಿಯ ಪಕ್ಕ ಮಂಚದಲ್ಲಿ ಕೂತಿದ್ದಳು. ನನ್ನ ಮಗಳು ಇಂಚರ ಆಗ ಒಂದನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಜಾತಿ. ಅತ್ತೆಯ ಮುಖದ ಹತ್ತಿರ ಮುಖ ತಂದು ಕೇಳಿದಳು: “ಅತ್ತೆ, ಒಂಗ ಕಣ್ಣು ಏನ್ ಮಂಜಳಾ ಇರುಕ್ಕು?”

ನಿಮ್ಮ ಕಣ್ಣು ಯಾಕೆ ಹಳದಿಯಾಗಿದೆ! ಸುಮಾ ಒಲೆ ಆರಿಸಿ ಬಂದು ವೀಣಾಳ ಕೆಳರೆಪ್ಪೆ ಎಳೆದು ನೋಡಿದಳು. ನಿಂಬೆಹಣ್ಣಿನ ಬಣ್ಣ. ನಾವಿಬ್ಬರು ದೊಡ್ಡವರು ದಿನಾ ನೋಡುತ್ತಿದ್ದ ಮುಖದಲ್ಲಿ ಆ ಮಗುವಿಗೆ ಮಾತ್ರ ಅದು ಕಂಡಿತ್ತು.

ಆಗಲೂ ನಾನು ಮಾಡಿದ್ದೇನು ಗೊತ್ತೇ? ಕಾಮಾಲೆಗೆ ನಾಟಿ ಔಷಧಿ ಕೇಳಲು ಮೇಲಿನ ಮನೆಗೆ ಓಡಿದೆ. ಅಲ್ಲಿದ್ದ ಸುಭದ್ರಾ ಮಾಮಿಯವರದು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ವೈಷ್ಣವ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು. ಮಾಮಿಗೆ ಸೊಪ್ಪು ಬೇರುಗಳೆಲ್ಲ ಗೊತ್ತು, ಏನಾದರೂ ಅರೆದುಕೊಟ್ಟಾರು ಎಂದು ನನ್ನ ಲೆಕ್ಕ. ಅವರು ಕೈಯಲ್ಲಿದ್ದ ಹೂವಿನ ಬುಟ್ಟಿ ಕೆಳಗಿಟ್ಟರು.

“ಎಂಟು ತಿಂಗಳ ಬಸುರಿಗೆ ಕಾಮಾಲೆ ಅಂತೀಯ, ಕೀಳಾನೆಲ್ಲಿ ಸೊಪ್ಪು ಕೇಳೋಕ್ಕೆ ಬಂದಿದೀಯಾ? ಪೈತ್ಯಮಾ, ಹುಚ್ಚಾ ನಿನಗೆ? ಓಡಪ್ಪಾ, ಆಟೋ ಕೂಪಿಡು, ಬೇಗ ಕರಿ. ಮಗು ನನ್ನ ಹತ್ರ ಇರಲಿ.”

ಇಂಚರಳನ್ನು ಅವರಿಗೆ ಒಪ್ಪಿಸಿ ಹೊರಟೆವು. ಆಟೋದಲ್ಲಿ ವೀಣಾ ಸುಮಾಳ ಭುಜಕ್ಕೆ ಒರಗಿ ತೂಗುತ್ತಿದ್ದಳು. ನಿದ್ದೆ ಎಂದುಕೊಂಡೆವು. ಆಸ್ಪತ್ರೆಯಲ್ಲಿ ನರ್ಸ್ ಅವಳ ಬೆರಳು ಚುಚ್ಚಿ ಸಕ್ಕರೆ ನೋಡಿದವಳು ಅಲ್ಲಿಂದಲೇ ಯಾರನ್ನೋ ಕೂಗಿದಳು. ಸಕ್ಕರೆ ತಳ ಕಂಡಿತ್ತು. ಗ್ಲೂಕೋಸ್ ಏರಿಸಿದರು, ಮೇಲಿಂದ ಮೇಲೆ ರಕ್ತ ತೆಗೆದುಕೊಂಡು ಹೋದರು. ಹಿರಿಯ ವೈದ್ಯೆ ಬಂದು “ಯಾವಾಗಿನಿಂದ ಹೀಗೆ?” ಎಂದು ಕೇಳಿದರು. ಸುಮಾ ನನ್ನ ಪಕ್ಕದಲ್ಲಿದ್ದಳು. “ಇವತ್ತು ಬೆಳಗ್ಗೆಯಿಂದ” ಎಂದುಬಿಟ್ಟೆ.

ಮಧ್ಯಾಹ್ನ ಅವರು ನಮ್ಮನ್ನು ಕೂರಿಸಿಕೊಂಡು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಇದು ಬಸುರಿನಲ್ಲಿ ಬರುವ ಫ್ಯಾಟಿ ಲಿವರ್, ಲಿವರಿನಲ್ಲಿ ದಿಢೀರನೆ ಕೊಬ್ಬು ತುಂಬಿಕೊಂಡಿದೆ, ಅದು ಕೆಲಸ ನಿಲ್ಲಿಸುತ್ತಿದೆ. ರಕ್ತ ಹೆಪ್ಪುಗಟ್ಟುವ ಶಕ್ತಿ ಕಡಿಮೆಯಾಗಿದೆ. ಮಗು ಹೊಟ್ಟೆಯಲ್ಲಿರುವವರೆಗೆ ಇದು ಇಳಿಯುವುದಿಲ್ಲ. ರಕ್ತದ ಪ್ಲಾಸ್ಮಾ ಕೊಟ್ಟು ಇವತ್ತೇ ಮಗುವನ್ನು ಹೊರಗೆ ತೆಗೆಯಬೇಕು. “ಒಂದು ತಿಂಗಳು ಮುಂಚೆಯೇ?” ಎಂದು ಸುಮಾ ಕೇಳಿದಳು. “ಒಂದು ದಿನ ಕಾಯುವುದೂ ಬೇಡ” ಎಂದರು.

ಮಂಡ್ಯಕ್ಕೆ ಫೋನು ಮಾಡಿದೆ. ಮಹೇಶ ಎಲ್ಲ ಕೇಳಿಸಿಕೊಂಡ. ಆಮೇಲೆ, “ಭಾವ, ನಾನು ಸಿಕ್ಕಿದ ರೈಲು ಹತ್ತುತೀನಿ. ಇಬ್ಬರಲ್ಲಿ ಯಾರು ಅಂತ ಯಾರಾದ್ರೂ ಕೇಳಿದ್ರೆ ನೀವು ಉತ್ತರ ಕೊಡಬೇಡಿ. ಇಬ್ಬರೂ ಬೇಕು ಅಂತ ಹೇಳಿ” ಎಂದ. ಹಾಗೆಯೇ ಹೇಳಿದೆ. ವೈದ್ಯೆ ಕಾಗದ ಮುಂದೆ ತಳ್ಳುತ್ತಾ “ನಮಗೂ ಇಬ್ಬರೂ ಬೇಕು” ಎಂದರು. ಸಂಬಂಧ ಎಂಬ ಜಾಗದಲ್ಲಿ ‘ಅಣ್ಣ’ ಎಂದು ಕನ್ನಡದಲ್ಲಿ ಬರೆದು, ಹೊಡೆದು ಹಾಕಿ, ಇಂಗ್ಲಿಷಿನಲ್ಲಿ ಬರೆದೆ.

ಒಳಗೆ ಕರೆದೊಯ್ಯುವ ಮುಂಚೆ ವೀಣಾ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಆದರೆ ಅವಳು ಇನ್ನೆಲ್ಲೋ ಇದ್ದಳು.

“ಅಣ್ಣ, ಸ್ಕೂಲಿಗೆ ಲೇಟಾಯ್ತು. ಸೈಕಲ್ ತೆಗಿಯೋ.”

ಅವಳು ಆರು ವರ್ಷದವಳಿದ್ದಾಗ ನಾನೇ ಅವಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಡುತ್ತಿದ್ದೆ. ಹಿಂದೆ ಕೂತು ಎರಡು ಕೈಯಲ್ಲಿ ನನ್ನ ಅಂಗಿ ಹಿಡಿದುಕೊಳ್ಳುತ್ತಿದ್ದಳು.

“ತೆಗೆದಿದ್ದೀನಿ ಪುಟ್ಟಿ. ಹತ್ಕೋ. ಗಟ್ಟಿಯಾಗಿ ಹಿಡ್ಕೋ” ಎಂದೆ. ಅವಳ ಬೆರಳುಗಳು ನನ್ನ ತೋಳನ್ನು ಹಿಡಿದುಕೊಂಡವು. ಬಾಗಿಲ ಬಳಿ ಅವನ್ನು ಬಿಡಿಸಿದವಳು ನರ್ಸ್.

ಹೊತ್ತು ಇಳಿಯುವ ಮೊದಲು ಹೆಣ್ಣುಮಗು ಹುಟ್ಟಿತು. ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಅತ್ತಿತು ಎಂದು ಹೇಳಿದರು, ನಮಗೆ ಕೇಳಿಸಲಿಲ್ಲ. ವೀಣಾಳಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಪ್ಲಾಸ್ಮಾ, ಮತ್ತೆ ಪ್ಲಾಸ್ಮಾ. ಭಾನುವಾರ ನನ್ನ ಆಫೀಸಿನ ಆರು ಜನ ತಾವಾಗಿಯೇ ರಕ್ತ ಕೊಡಲು ಬಂದು ಸಾಲಾಗಿ ಕೂತರು. ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ನಾನೂ ಕೊಟ್ಟೆ. ಕೊಟ್ಟ ಮೇಲೆ ಬಿದ್ದೆ. ನನ್ನನ್ನು ಎತ್ತಿ ಮಲಗಿಸಿ ಹಣ್ಣಿನ ರಸ ಕುಡಿಸುವುದು ಅವರ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಬಂದು ಸೇರಿದ್ದ ಮಹೇಶ, ಅಳುತ್ತಿದ್ದವನು, ಅದನ್ನು ನೋಡಿ ಒಂದು ಕ್ಷಣ ನಕ್ಕ.

ಐದನೆಯ ದಿನ ರಕ್ತದ ವರದಿ ನೋಡಿ ವೈದ್ಯೆಯ ಹುಬ್ಬು ಸಡಿಲವಾಯಿತು. ಲಿವರ್ ಎದ್ದು ಕೂರುತ್ತಿದೆ ಎಂದರು. ಏಳನೆಯ ದಿನ ವೀಣಾ ತಿಳಿಸಾರು ಕೇಳಿದಳು. ಸುಮಾ ಅದನ್ನು ಮಾಡುವಾಗ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು, ನಾನು ನೋಡದವನಂತೆ ಈಚೆ ಬಂದೆ. ಇಂಥ ತಾಯಂದಿರ ಕೆಲವು ಮಕ್ಕಳಿಗೆ ಕೊಬ್ಬನ್ನು ಅರಗಿಸುವ ಶಕ್ತಿಯೇ ಇರುವುದಿಲ್ಲವಂತೆ. ಪರೀಕ್ಷೆಯ ಉತ್ತರ ಬರುವವರೆಗೆ ಮಗುವನ್ನು ಹಸಿದಿರಲು ಬಿಡಬಾರದು, ಗಡಿಯಾರ ನೋಡಿ ಹಾಲು ಕೊಡಬೇಕು. ಆ ಕೆಲಸಕ್ಕೆ ಇಂಚರ ಮೇಲ್ವಿಚಾರಕಿಯಾದಳು. “ಪಾಪಾವುಕ್ಕು ಪಾಲ್!” ಎಂದು ಅವಳು ಕೂಗಿದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದೆವು. ಮಗುವಿಗೆ ಏನೂ ತೊಂದರೆಯಿಲ್ಲ ಎಂದು ತಿಳಿದ ದಿನ ಮಾಮಿ ಪಾಯಸ ಮಾಡಿ ತಂದರು.

ಎಲ್ಲ ಸುಖವಾಗಿ ಮುಗಿಯಿತು. ವೀಣಾ ಮೂರು ತಿಂಗಳು ಇದ್ದು, ಕೆನ್ನೆ ತುಂಬಿಕೊಂಡು ಮಗಳೊಡನೆ ಮಂಡ್ಯಕ್ಕೆ ಹೋದಳು. ಇನ್ನೊಂದು ಮಗು ಬೇಡವೆಂದು ಅವರಿಬ್ಬರೇ ತೀರ್ಮಾನಿಸಿಕೊಂಡರು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಇಂಚರಳ ಕಣ್ಣಿನ ಚುರುಕು, ಮಾಮಿಯ ಬೈಗುಳ, ನಾನು ಬಿದ್ದದ್ದು, ಎಲ್ಲವನ್ನೂ. ಹೇಳುವಾಗಲೆಲ್ಲ ಶನಿವಾರದಿಂದ ಶುರುಮಾಡುತ್ತಿದ್ದೆ. ಶುಕ್ರವಾರದ ಮಾತು ಸುಮಾಳಿಗೂ ಗೊತ್ತಿರಲಿಲ್ಲ.

ಮೊನ್ನೆ ಲಕೋಟೆ ಬಂದ ದಿನ ಸಂಜೆ ಮನೆ ಸೇರಿದವನೇ ವೀಣಾಳಿಗೆ ಫೋನು ಮಾಡಿದೆ. ಕುಶಲ ಸಮಾಚಾರವೆಲ್ಲ ಮುಗಿಯಿತು. ಆಮೇಲೆ ಹೇಳಿದೆ.

“ವೀಣಾ, ಆ ಶುಕ್ರವಾರ ನೀನು ನಂಗೆ ಹೇಳಿದ್ದೆ. ನಾನು ಸೋಮವಾರ ನೋಡೋಣ ಅಂದೆ. ಡಾಕ್ಟರು ಕೇಳಿದಾಗಲೂ ಸುಳ್ಳು ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.”

ಆ ಕಡೆಯಿಂದ ಕುಕ್ಕರಿನ ಸದ್ದು ಕೇಳಿಸುತ್ತಿತ್ತು. ಅವಳು ಒಲೆ ಸಣ್ಣದು ಮಾಡಿ ಬಂದಿರಬೇಕು.

“ಅಣ್ಣ, ನಾನು ಹೇಳಿದ್ದು ಶುಕ್ರವಾರ. ಶುರುವಾಗಿದ್ದು ಮಂಗಳವಾರ.”

“ಮತ್ತೆ ಹೇಳಲಿಲ್ಲ ಯಾಕೆ?”

“ಹೇಗೆ ಹೇಳ್ಲೋ? ಅತ್ತಿಗೆ ಐದು ಗಂಟೆಗೆ ಎದ್ದು ಎಲ್ಲ ಮಾಡಿಟ್ಟು ಹೋಗೋರು. ನೀನು ಕಲ್ಲಂಗಡಿ ಹೊತ್ಕೊಂಡು ಬೆವರು ಸುರಿಸ್ಕೊಂಡು ಬರ್ತಿದ್ದೆ. ಅಮ್ಮ ಇದ್ದಿದ್ರೆ ಮಂಗಳವಾರವೇ ಹೇಳ್ತಿದ್ದೆ. ನಿಮ್ಮನೇಲಿ ಕಾಯಿಲೆ ಬೀಳೋಕೆ ನಂಗೆ ಸಂಕೋಚ ಆಯ್ತು.”

ಅವಳು ನನ್ನನ್ನು ಬೈದಿದ್ದರೆ ಸುಲಭವಾಗುತ್ತಿತ್ತು. ತವರು ಎಂದು ಅಷ್ಟೊಂದು ಮೆರೆದವನ ಮನೆಯಲ್ಲಿ ಅವಳು ಮೂರು ದಿನ ನೆಂಟಳ ಹಾಗೆ ನೋವು ನುಂಗಿಕೊಂಡು ಕೂತಿದ್ದಳು. ಕೇಳಿದೆ, “ಈಗ? ಈಗ ಏನಾದ್ರೂ ಇದ್ರೆ ಹೇಳ್ತೀಯಾ?”

ಅವಳು ನಕ್ಕಳು.

“ಹಲ್ಲುನೋವು ಕಣೋ. ನಾಲ್ಕು ದಿನ ಆಯ್ತು. ಇವರಿಗೂ ಹೇಳಿಲ್ಲ.”

“ಯಾವ ಕಡೆ?”

“ಎಡಗಡೆ, ಕೆಳಗೆ. ಬಿಸಿ ಕಾಫಿ ಕುಡಿದ್ರೆ...”

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವಳು ಹೇಳುತ್ತಾ ಹೋದಳು.