ಸಿಲಿಂಡರ್ ಹೆಡ್ಡಿಗೆ ವಿಭೂತಿ

ನಾನು ಚಿಕ್ಕವನಿದ್ದಾಗ ಹಾರನಹಳ್ಳಿಯ ನಮ್ಮ ಮನೆಯ ಮುಂದೆ ತಾತನ ಕಾಲದ ಕಪ್ಪು ಕಾರೊಂದು ನಿಂತಿರುತ್ತಿತ್ತು. ಅಪ್ಪ ಅದರಲ್ಲಿ ಅರಸೀಕೆರೆ ಸ್ಟೇಷನ್ನಿನಿಂದ ಪ್ರವಾಸಿಗರನ್ನು ಕರೆದೊಯ್ದು ಬೇಲೂರು, ಹಳೇಬೀಡು ತೋರಿಸಿ ಬರುತ್ತಿದ್ದರು. ಮಕ್ಕಳೇ, ನಿಮ್ಮ ಅಜ್ಜಿ, ಅಂದರೆ ನನ್ನ ಅಕ್ಕ, ಡ್ರೈವಿಂಗ್ ಕಲಿತದ್ದು ಆ ಕಾರಿನಲ್ಲೇ. ಅವಳಿಗೆ ಆಗಷ್ಟೇ ಲೈಸೆನ್ಸು ಬಂದಿತ್ತು. ಅಪ್ಪನ ಬದಲು ತಾನು ಸ್ಟೇಷನ್ನಿಗೆ ಹೋಗಿಬರಬೇಕೆಂಬುದೊಂದೇ ಅವಳ ಆಸೆ.

ಆ ಭಾನುವಾರ ಎಲ್ಲವೂ ಎಂದಿನಂತಿತ್ತು. ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ನಾನು ಮತ್ತು ಅಕ್ಕ, ಹಿಂದೆ ಪ್ರವಾಸಿಗರು. ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ, ಕಿಟಕಿಯಿಂದ ಧೂಳು. ಬೇಲೂರಿನಿಂದ ಮರಳುವಾಗ ಹಳೇಬೀಡಿನ ಕೆರೆಯ ಬಳಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಅಪ್ಪ ಯಾವಾಗಲೂ ಇಂಜಿನ್ ತಣಿಯುವವರೆಗೆ ಕಾಯುತ್ತಿದ್ದರು. ಅಂದು ಹಿಂದೆ ಕುಳಿತವರಿಗೆ ರೈಲಿನ ಆತುರ. ಅಪ್ಪ ಕೆರೆಯಿಂದ ತಗಡಿನ ಡಬ್ಬದಲ್ಲಿ ನೀರು ತಂದು ರೇಡಿಯೇಟರಿಗೆ ಸುರಿದೇಬಿಟ್ಟರು. ಒಳಗೆ ಟಣ್ ಎಂದು ಸದ್ದಾಯಿತು. ಕಾದ ಕಬ್ಬಿಣ ತಣ್ಣೀರಿಗೆ ಬಿರಿಯುತ್ತದೆ ಎಂದು ನಮಗೆ ಹೇಳಿಕೊಟ್ಟವರೇ ಅವರು.

ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ ಒಡೆದಿತ್ತು. ಪ್ರವಾಸಿಗರು ಬಸ್ಸು ಹತ್ತಿದರು. ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆ ಸೇರಿತು. ಅಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಗುಜರಿಯವನಿಗೆ ಹೇಳಿ ಕಳ್ಸಿವ್ನಿ. ಮಂಗಳವಾರ ಬಂದು ತಗೊಂಡ್ ಹೋಯ್ತಾನೆ" ಎಂದರು.

"ಹೆಡ್ಡೊಂದು ಬದಲಾಯಿಸಿದ್ರೆ ಓಡ್ತದೆ ಅಪ್ಪ" ಎಂದಳು ಅಕ್ಕ.

"ಈ ಮುದುಕಂಗೆ ಎಲ್ಲಿಂದ ತತ್ತೀಯಾ ಹೊಸಾ ತಲೆ?"

ಸೋಮವಾರ ಅಕ್ಕ ನನ್ನನ್ನು ಟೆಂಪೊ ಹತ್ತಿಸಿಕೊಂಡು ಅರಸೀಕೆರೆಯ ಅದೇ ಗುಜರಿ ಅಂಗಡಿಗೆ ಹೋದಳು. ತುಕ್ಕಿನ ರಾಶಿಯ ಅಡಿಯಲ್ಲಿ ಅದೇ ಜಾತಿಯ ಕಾರಿನ ಹೆಡ್ಡೊಂದು ಸಿಕ್ಕಿತು. ಅಂಗಡಿಯವನು ನಕ್ಕ.

"ಏನವ್ವಾ, ನಾಳೆ ನಾನು ನಿಮ್ಮನೆ ಕಾರ್ ಒಯ್ಯಕ್ ಬತ್ತಿದ್ರೆ, ನೀನು ಇವತ್ತೇ ನನ್ ಅಂಗ್ಡಿ ಒಯ್ಯಕ್ ಬಂದಿದ್ದೀಯಾ? ಇದೂ ಒಡ್ದಿದ್ರೆ ಬಯ್ಬ್ಯಾಡ. ಇದ್ರೊಳಗೆ ಏನೈತೋ ನಂಗೂ ಗೊತ್ತಿಲ್ಲ ಕಣವ್ವ."

ಅಕ್ಕನಿಗಿದ್ದ ಭಯವೂ ಅದೇ. ಕೂದಲೆಳೆಯಂಥ ಬಿರುಕು ಕಣ್ಣಿಗೆ ಕಾಣುವುದಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಕೊಂಡು ತಂದ ಹೆಡ್ಡನ್ನು ಉಜ್ಜಿ ತೊಳೆದು, ಜಗಲಿಯ ಮೇಲಿಟ್ಟು, ಸೀಮೆಎಣ್ಣೆ ಸವರಿ ಒಣಬಟ್ಟೆಯಲ್ಲಿ ಒರೆಸಿದಳು. ಇನ್ನು ಅದರ ಮೇಲೆ ಬಿಳಿ ಪುಡಿ ಉದುರಿಸಬೇಕು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಜಿನುಗಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಮೆಕ್ಯಾನಿಕ್‌ಗಳು ಸೀಮೆಸುಣ್ಣದ ಪುಡಿ ಬಳಸುತ್ತಿದ್ದರು. ಶಾಲೆಗೆ ರಜೆ, ಮನೆಯಲ್ಲಿ ಒಂದು ತುಂಡೂ ಇರಲಿಲ್ಲ. ಅಷ್ಟರಲ್ಲಿ ಗುಜರಿಯವನ ಟೆಂಪೊ ಬಂದು ಬಾಗಿಲಲ್ಲಿ ನಿಂತಿತು.

ಅಪ್ಪ ಎದ್ದು ಒಳಗೆ ಹೋದರು. ಕಾರು ಕೊಟ್ಟುಬಿಡಲು ಕಾಗದಪತ್ರ ತರುತ್ತಾರೆಂದುಕೊಂಡೆ. ದೇವರ ಕೋಣೆಯಿಂದ ಅವರು ತಂದದ್ದು ತಮ್ಮ ವಿಭೂತಿ ಗಟ್ಟಿಯನ್ನು. ಅಂಗೈಯಲ್ಲಿಟ್ಟು ಪುಡಿ ಮಾಡತೊಡಗಿದರು.

"ಲೋ, ಪೂಜೆ ಈಬೂತಿ ಕಣೋ ಅದು! ಕಬ್ಬಿಣಕ್ಕೆ ಬಳೀತೀಯಾ?" ಅಪ್ಪನ ಅವ್ವ, ನನ್ನ ಅಜ್ಜಿ, ಕೂಗಿದರು.

"ಸತ್ತೋರ ಹಣೆಗೆ ಬಳಿಯಲ್ವಾ ಅವ್ವಾ? ಇದು ಇನ್ನೂ ಸತ್ತಿಲ್ಲ."

ಅಪ್ಪ ತಾವೇ ಪುಡಿ ಉದುರಿಸಿದರು. ಕಬ್ಬಿಣವೆಲ್ಲ ಬೆಳ್ಳಗಾಯಿತು. ಗುಜರಿಯವನೂ ಹೆಗಲ ಮೇಲಿನ ಟವೆಲ್ಲು ಹಿಡಿದು ಬಗ್ಗಿ ನೋಡುತ್ತಿದ್ದ. ಅಂಚಿನಲ್ಲೊಂದು ಕಪ್ಪು ಮಚ್ಚೆ ಮೂಡಿ ನಿಧಾನವಾಗಿ ಹರಡಿತು. ಅಪ್ಪ ಕಣ್ಣು ಮುಚ್ಚಿಕೊಂಡರು. ಅಕ್ಕ ಮಾತ್ರ ಅದನ್ನು ಬೆರಳಿನಿಂದ ಒರೆಸಿ ಮೂಸಿದಳು.

"ಸೀಮೆಎಣ್ಣೆ ವಾಸ್ನೆ ಇಲ್ಲ ಅಪ್ಪ. ನನ್ ಬೆವರು."

ಮುಖ ಒರೆಸಿಕೊಂಡು ದೂರ ನಿಂತಳು. ಅಪ್ಪ ಆ ಜಾಗಕ್ಕೆ ಮತ್ತೆ ಪುಡಿ ಹಾಕಿದರು. ಕಾದೆವು. ವಿಭೂತಿ ಬೆಳ್ಳಗೇ ಉಳಿಯಿತು.

ಆಮೇಲೆ ಅಪ್ಪ ಮತ್ತು ಅಕ್ಕ ಸೇರಿ ಹೆಡ್ಡನ್ನು ಕೂರಿಸಿದರು. ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಪ್ರತಿ ಸುತ್ತಿನಲ್ಲೂ ಅಷ್ಟಷ್ಟೇ ಬಿಗಿ ಮಾಡುತ್ತ ಬಂದರು. ಅವಸರಪಟ್ಟರೆ ಇದೂ ಬಿರಿಯುತ್ತಿತ್ತು. ಕೊನೆಗೆ ಅಪ್ಪ ಕಾರಿನ ಮುಂದೆ ನಿಂತು ಸ್ಟಾರ್ಟ್ ಮಾಡುವ ಹ್ಯಾಂಡಲ್ ತಿರುಗಿಸಿದರು. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದರು. ಈ ಸಲ ಮನೆಯ ಹೆಂಚುಗಳೆಲ್ಲ ನಡುಗುವಂತೆ ಹೊತ್ತಿಕೊಂಡಿತು.

"ಬಂದಿದ್ದಕ್ಕೆ ಆ ಒಡ್ದಿದ್ದಾದ್ರೂ ಕೊಡ್ರಪ್ಪ" ಎಂದು ಗುಜರಿಯವನು ಹಳೆಯ ಹೆಡ್ಡನ್ನು ಹೊತ್ತುಕೊಂಡು ಹೋದ.

ಅಪ್ಪ ಎಡಗಡೆ ಬಾಗಿಲು ತೆರೆದು ಕುಳಿತರು. "ನಡಿಯವ್ವ, ಸ್ಟೇಷನ್ನಿಗೆ" ಎಂದರು. ಆಮೇಲೆಂದೂ ಅವರು ಬಲಗಡೆ, ಸ್ಟೀರಿಂಗ್ ಮುಂದೆ, ಕುಳಿತದ್ದನ್ನು ನಾನು ನೋಡಲಿಲ್ಲ.

ನಿಮ್ಮ ಕಾಲದ ಕಾರುಗಳ ಬಾನೆಟ್ಟನ್ನು ಮನೆಯವರು ತೆರೆಯುವುದೇ ಇಲ್ಲ. ಏನಾದರೂ ಕೆಟ್ಟರೆ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ, ಫೋನ್ ಮಾಡಿದರೆ ಬಂದು ಒಯ್ಯುತ್ತಾರೆ. ಒಳ್ಳೆಯದೇ ಆಯಿತು. ಆದರೆ ನಿಮ್ಮ ಅಜ್ಜಿ ಕೊನೆಯವರೆಗೂ ಆ ದೀಪವನ್ನು ನಂಬಲಿಲ್ಲ. ನಿಮ್ಮನ್ನು ಶಾಲೆಗೆ ಬಿಡುವ ಮುನ್ನ ಕಿಟಕಿ ಇಳಿಸಿ, ಇಂಜಿನ್ನಿನ ಸದ್ದು ಕೇಳಿ, "ಸರಿಯೈತೆ" ಎಂದ ಮೇಲೆಯೇ ಹೊರಡುತ್ತಿದ್ದಳು. ಈಗ ನಿಮ್ಮನ್ನು ಬಿಡಲು ನಾನು ಬರುತ್ತೇನೆ. ನಾನೂ ಕಿಟಕಿ ಇಳಿಸುತ್ತೇನೆ. ಸದ್ದು ಕೇಳಿಸುತ್ತದೆ. ಅದು ಸರಿಯಿದೆಯೋ ಇಲ್ಲವೋ ಹೇಳಲು ಅಕ್ಕ ಇಲ್ಲ.