ಬೀಸುಕಲ್ಲಿಗೊಂದು ಹಿಡಿ ಜೋಳ

ಇವತ್ತು ಬೆಳಿಗ್ಗೆ ಅಡುಗೆಮನೆಯ ಮೂಲೆಯಿಂದ ಬೀಸುಕಲ್ಲನ್ನು ಎಳೆದು ಒರೆಸಿದೆ. ಅದರ ಬಾಯಿಗೆ ಮೂಗು ಇಟ್ಟರೆ ಇನ್ನೂ ಜೋಳದ ವಾಸನೆ. ಗಿರಣಿ ಬಂದು ಎಷ್ಟೋ ವರ್ಷವಾದರೂ ಕಲ್ಲು ಮರೆತಿಲ್ಲ ನೋಡಿ. ಮರೆತಂತೆ ಇದ್ದವಳು ನಾನೇ.

ನನಗೆ ನಿದ್ದೆಯಲ್ಲಿ ನಡೆಯುವ ಅಭ್ಯಾಸವಿತ್ತು. ಹಂಸಭಾವಿಯಿಂದ ರಟ್ಟೀಹಳ್ಳಿಗೆ ಸೊಸೆಯಾಗಿ ಹೊರಟಾಗ ಅವ್ವ ಕಿವಿಯಲ್ಲಿ ಹೇಳಿದ್ದು ಒಂದೇ: "ಯಾರ ಮುಂದೂ ಬಾಯಿ ಬಿಡಬ್ಯಾಡ. ದೆವ್ವ ಬಡದೈತಿ ಅಂತ ವಾಪಸ್ ಕಳಸ್ತಾರ." ಬಾಯಿ ಬಿಡಲಿಲ್ಲ. ಆದರೆ ಕಾಲಿಗೆ ಹೇಳುವವರು ಯಾರು?

ಎಂಟು ದಿನದಲ್ಲೇ ನಿದ್ದೆಗಣ್ಣಲ್ಲಿ ಎದ್ದು ಬೀಸಲು ಕುಳಿತೆನಂತೆ, ಕಾಳಿಲ್ಲದ ಬರಿಗಲ್ಲು. ನಮ್ಮಲ್ಲಿ ಬರಿಗಲ್ಲು ತಿರುಗಿಸಿದರೆ ಮನೆಗೆ ಕೇಡು. ಇದನ್ನು ಅತ್ತೆಯೇ ಹೇಳಿದರು, ನನಗೆ ಮೂರು ಮಕ್ಕಳಾದ ಮೇಲೆ, ನಗುತ್ತ: "ಭಾಳ ಕೆಲಸದ ಹುಡುಗಿ ಅನಕೊಂಡ್ನಿ. ಮಾತಾಡ್ಸಿದ್ರ ಉತ್ತರಿಲ್ಲ. ಒಂದ್ ಹಿಡಿ ಜ್ವಾಳ ಹಾಕಿ, ಬೀಸಾದ ಮ್ಯಾಲೆ ಕೈ ಹಿಡದು ಮಲಗಿಸಿ ಬಂದ್ನಿ."

ಆಮೇಲೆ ಅತ್ತೆ ದಿನವೂ ಮಲಗುವ ಮುಂಚೆ ಬಾಗಿಲಿಗೆ ಅಗಳಿ ಹಾಕಿ, ಕಲ್ಲಿಗೊಂದು ಹಿಡಿ ಜೋಳ ಸುರಿದಿಡುತ್ತಿದ್ದರಂತೆ.

"ಯಾರಿಗೂ ಯಾಕ ಹೇಳ್ಲಿಲ್ರಿ?"

"ಹೇಳಿ ಏನ್ ಮಾಡೂದಿತ್ತು? ಹಿಟ್ಟು ಬರ್ತಿತ್ತಲ್ಲ!"

ಶಿವ ಕೊಟ್ಟ ಸಣ್ಣ ಪುಣ್ಯಗಳನ್ನು ಎಣಿಸುವಾಗ ಆ ಹಿಡಿ ಜೋಳದಿಂದಲೇ ಶುರು ಮಾಡುತ್ತೇನೆ.

ಈಗ ಮೊಮ್ಮಗಳಿಗೂ ಅದೇ. ಹೋದ ವಾರ ನಿದ್ದೆಯಲ್ಲೇ ಹಿತ್ತಲ ಬಾಗಿಲು ತೆರೆದು ನಿಂತಿದ್ದಳು. ಊರಿಂದ ಬಂದಿದ್ದ ನಾದಿನಿ, "ಇದು ತಾಯಿ ಕಡೀದು. ನಮ್ಮ ಮನಿತನದಾಗ ಇಲ್ಲ," ಎಂದಳು. ಸೊಸೆ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು. ದಿನವೂ ವಿಭೂತಿ ಹಚ್ಚಿಕೊಳ್ಳುವ ನಾನು, ನನಗೂ ಇತ್ತೆಂದು ಹೇಳದೆ ಕುಳಿತಿದ್ದೆ.

ನಿನ್ನೆ ಹಿರೇಕೆರೂರಿನ ಡಾಕ್ಟರು ಎಲ್ಲ ಕೇಳಿ, "ಅಂಜಬ್ಯಾಡ್ರಿ, ಬೆಳದಂಗ ಬಿಡ್ತೈತಿ. ಗದರಿಸಿ ಎಬ್ಬಿಸಬ್ಯಾಡ್ರಿ. ಮೆಲ್ಲಕ ಹಾಸಿಗಿಗೆ ಕರಕೊಂಡ್ ಹೋಗ್ರಿ, ಬಾಗಿಲಾ ಭದ್ರ ಇಡ್ರಿ," ಎಂದರು. ನಮ್ಮತ್ತೆ ಇದನ್ನು ಯಾವ ಕಾಲೇಜಿನಲ್ಲಿ ಓದಿದ್ದರೋ! ಆಮೇಲೆ ಕೇಳಿದರು: "ಮನ್ಯಾಗ ಮದಲ ಯಾರಿಗರೆ ಇತ್ತೇನ್ರಿ?"

ಸೊಸೆ ತಲೆ ತಗ್ಗಿಸಿದಳು.

"ನನಗಿತ್ರಿ," ಎಂದೆ.

ಬಸ್ಸಿನಲ್ಲಿ ಅವಳು ಮೆಲ್ಲಗೆ, "ಅತ್ತಿ, ಖರೇನ ಇತ್ತೇನ್ರಿ? ನನ್ನ ಸಲುವಾಗಿ ಹೇಳಿದ್ರೇನು?" ಎಂದಳು.

"ನಾಳೆ ಕಲ್ಲು ತೋರಸ್ತೇನಿ, ತಡಿ."

ಇಂದು ಕಲ್ಲು ತೋರಿಸಿ ಎಲ್ಲವನ್ನೂ ಹೇಳಿದೆ. ಅವಳ ಎದುರಿಗೇ ನಾದಿನಿಗೆ ಫೋನು ಮಾಡಿ, ಇದು ನನ್ನಿಂದಲೇ ಬಂದದ್ದು ಎಂದೆ.

"ವೈನಿ, ನಮ್ಮವ್ವಗ ಗೊತ್ತಿತ್ತೇನು?" ಎಂದಳು ನಾದಿನಿ.

"ಈ ಮನ್ಯಾಗ ಆಕಿಗೊಬ್ಬಾಕಿಗೇ ಗೊತ್ತಿತ್ತವಾ."

ಫೋನು ಇಟ್ಟು ಕಲ್ಲಿನ ಮುಂದೆ ಕುಳಿತೆ.

ಸೊಸೆ ಕಲ್ಲಿನ ಗೂಟ ಹಿಡಿದವಳು ಏನೋ ನೆನಪಾಗಿ ಕೈ ತೆಗೆದಳು. ಎದ್ದು ಹೋಗಿ ಒಂದು ಹಿಡಿ ಜೋಳ ತಂದು ಹಾಕಿದಳು. ಇಬ್ಬರೂ ಎದುರುಬದುರು ಕುಳಿತು ಬೀಸಿದೆವು. ಅಂಗೈಯಗಲದ ಒಂದೇ ರೊಟ್ಟಿಯಾಯಿತು. ಹಿಟ್ಟು ತರಿತರಿ, ಹಲ್ಲಿಗೆ ಮರಳೂ ಸಿಕ್ಕಿತು. ಆದರೂ ಸೊಸೆ ತನ್ನ ಅರ್ಧವನ್ನು ಚೂರೂ ಬಿಡದೆ ತಿಂದಳು.