ನೆಲದ ಮೇಲೊಂದು ಪಿಕಪ್

ಬಳಪದಣ್ಣನನ್ನು ಅವಳು ಮೊದಲ ಸಲ ನೋಡಿದಾಗ ಅವರು ಶೆಡ್ಡಿನ ನೆಲದಲ್ಲಿ ಮಂಡಿಯೂರಿ, ಒರೆಸಿದ ಸಿಮೆಂಟಿನ ಮೇಲೆ ಯಾವುದೋ ಲಾರಿಯ ಬಾಗಿಲನ್ನು ಬರೆಯುತ್ತಿದ್ದರು. ಕಿವಿಯ ಸಂದಿಯಲ್ಲಿ ಬಳಪದ ತುಂಡು, ಕುತ್ತಿಗೆಗೆ ದರ್ಜಿಗಳ ಅಳತೆ ಪಟ್ಟಿ, ಅಂಗಿಯ ಎದೆಯ ತುಂಬ ವೆಲ್ಡಿಂಗ್ ಕಿಡಿ ಕಚ್ಚಿದ ತೂತುಗಳು. ಬಂದವರು ಯಾರೆಂದು ತಲೆಯೆತ್ತಿ ನೋಡಲಿಲ್ಲ.

"ಗೆರೆ ತುಳೀಬೇಡಿ," ಎಂದರು. ಅವಳು ಗೋಡೆಗೆ ಅಂಟಿಕೊಂಡು ನಿಂತಳು. ಬಾಗಿಲಿನ ಕೊನೆಯ ಮೂಲೆ ಮುಗಿದ ಮೇಲೆ ಮಾತು ಮುಂದುವರಿಯಿತು.

"ಗಾಡಿ ಯಾವುದು?"

"ನಮ್ಮ ಮಾವನವರ ಹಳೇ ಪಿಕಪ್ಪು. ಫೋರ್‌ವೀಲ್ ಡ್ರೈವು."

"ಓಡುತ್ತಾ?"

"ತಳ್ಳಿದ್ರೆ ಓಡುತ್ತೆ."

"ತಳ್ಳಿದ್ರೆ ನಮ್ಮನೆ ಬೀರೂನೂ ಓಡುತ್ತೆ," ಎಂದು ಬಳಪದಣ್ಣ ಎದ್ದು ಮಂಡಿ ಕೊಡವಿಕೊಂಡರು.

ಅವರ ತಂದೆ ದರ್ಜಿ. ಮೀಸೆ ಚಿಗುರುವವರೆಗೂ ಅವರು ಹೊಲಿಗೆ ಯಂತ್ರದ ಮುಂದೆ ಕೂತವರೇ. ಆಮೇಲೆ ಕಬ್ಬಿಣಕ್ಕೆ ಬಂದರು. ಬಟ್ಟೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು, ತಗಡು ಕತ್ತರಿಸಿದರೆ ಕತ್ತರಿಸಿದ್ದೇ ಎಂಬುದು ಅವರ ವಾದ. ಹಾಗಾಗಿ ಯಾವ ಗಾಡಿಯೇ ಬರಲಿ, ಅದನ್ನು ನೆಲದ ಮೇಲೆ ಇದ್ದಷ್ಟೇ ಗಾತ್ರಕ್ಕೆ ಬರೆದು ಮುಗಿಸುವವರೆಗೆ ಒಂದು ನಟ್ಟನ್ನೂ ಬಿಚ್ಚುತ್ತಿರಲಿಲ್ಲ. "ನಿನ್ನ ಹತ್ರ ಬಿಟ್ಟ ಗಾಡಿಗೆ ಮೊಮ್ಮಕ್ಕಳಾಗ್ತಾವೆ ಮಾರಾಯ," ಎಂದು ಪಕ್ಕದ ಟಯರ್ ಅಂಗಡಿಯವನು ಚುಚ್ಚುತ್ತಿದ್ದ.

ಅವಳಿಗೆ ಗಾಡಿ ಬೇಕಾಗಿದ್ದುದು ಹಳ್ಳದಾಚೆ ಅವಳು ಮಾಡಿದ್ದ ಸಸಿತೋಟಕ್ಕೆ. ಆ ದಾರಿಯಲ್ಲಿ ಬೇರೆ ಗಾಡಿಗಳ ಹೊಟ್ಟೆ ಕಲ್ಲಿಗೆ ಬಡಿಯುತ್ತಿತ್ತು. ಮಾವ ತೀರಿಕೊಂಡ ಮೇಲೆ ಪಿಕಪ್ ಅತ್ತೆಯದಾಗಿತ್ತು. ಅವಳ ಗಂಡನೋ ಗುಜರಿಯವನ ಜೊತೆ ಮಾತಾಡಿಯೇ ಬಿಟ್ಟಿದ್ದ. ಅತ್ತೆ ಮಾತ್ರ ಒಂದು ಷರತ್ತು ಹಾಕಿದ್ದರು: "ಗಾಡಿ ನೀನೇ ಇಟ್ಕೋ. ಆದ್ರೆ ತೋಟಕ್ಕೆ ನಾನೂ ಬರ್ತೀನಿ, ನಾನೇ ಹತ್ತಿ ಕೂರ್ತೀನಿ. ಸಿಮೆಂಟ್ ಮೂಟೆ ಥರ ಎತ್ತಿ ಹಾಕೋದಾದ್ರೆ ಗುಜರಿಗೇ ಹೋಗ್ಲಿ." ಅತ್ತೆಯ ಎರಡೂ ಮಂಡಿಗಳು ಆಗಲೇ ಮುಷ್ಕರ ಹೂಡಿದ್ದವು.

ಪಿಕಪ್ಪನ್ನು ಎಳೆತಂದು ನಿಲ್ಲಿಸಿದ ಮೇಲೆ ಬಳಪದಣ್ಣ ಅದನ್ನು ನೆಲಕ್ಕಿಳಿಸತೊಡಗಿದರು. ಬಿಳಿ ಗೆರೆ ಅಂದರೆ ಇದ್ದದ್ದು, ಕೆಂಪು ಗೆರೆ ಅಂದರೆ ಆಗಬೇಕಾದದ್ದು. ತುಕ್ಕು ತಿಂದ ನೆಲದ ತಗಡು ಕೆಂಪು. ಬ್ರೇಕು, ಸ್ಪ್ರಿಂಗ್ ಪಟ್ಟಿಗಳು ಕೆಂಪು. ಎಂಜಿನ್ ಬಿಳಿ, ಅದು ಇನ್ನೂ ಗಟ್ಟಿಯಾಗಿತ್ತು. ಅತ್ತೆಯ ಬಾಗಿಲ ಕೆಳಗೆ ಒಂದು ಮೆಟ್ಟಿಲು, ಕೆಂಪು.

ಬರೆದದ್ದನ್ನು ಪರೀಕ್ಷಿಸಲು ಸೀಟಿಗೂ ಮೆಟ್ಟಿಲಿಗೂ ಅದೇ ಎತ್ತರಕ್ಕೆ ಇಟ್ಟಿಗೆ ಜೋಡಿಸಿ, ಹಲಗೆ ಹಾಸಿ, ಮೇಲೊಂದು ಹಳೆಯ ಸೀಟು ಇಟ್ಟು ಅತ್ತೆಯನ್ನು ಕರೆಸಿದರು. ಅತ್ತೆ ಮೆಟ್ಟಿಲ ಮೇಲೆ ಕಾಲಿಟ್ಟು ಸಲೀಸಾಗಿ ಹತ್ತಿ ಕೂತರು. ಸೊಸೆಯ ಮುಖ ಅರಳಿತು. ಅತ್ತೆ ಮಾತ್ರ ಕೆಳಗೆ ಇಣುಕಿದರು.

"ಇದು ಇಷ್ಟು ತಗ್ಗಿರಲಿಲ್ಲವಲ್ಲ. ಮದುವೆ ಹೊಸದರಲ್ಲಿ ಯಜಮಾನ್ರು ಕೈ ಹಿಡಿದು ಎಳೆಯದಿದ್ರೆ ನನಗೆ ಹತ್ತೋಕೇ ಆಗ್ತಿರಲಿಲ್ಲ."

ಬಳಪದಣ್ಣ ಗಾಡಿಯ ಬಳಿ ಹೋಗಿ ಬಗ್ಗಿ ನೋಡಿದರು. ಸ್ಪ್ರಿಂಗ್ ಪಟ್ಟಿಗಳು ವರ್ಷಗಟ್ಟಲೆ ಭಾರ ಹೊತ್ತು ಚಪ್ಪಟೆಯಾಗಿದ್ದವು. ಹೊಸ ಪಟ್ಟಿ ಹಾಕಿದರೆ ಗಾಡಿ ಅರ್ಧ ಗೇಣು ಮೇಲೇಳುತ್ತದೆ. ಅವರು ಅಳೆದದ್ದೆಲ್ಲ ಕುಸಿದು ಕೂತ ಗಾಡಿಯನ್ನು.

"ಗೂನು ಬಿದ್ದ ಮುದುಕನ ಅಳತೆ ತಗೊಂಡು ಹರೆಯದವನಿಗೆ ಕೋಟು ಹೊಲಿದೆ," ಎಂದರು.

"ಹಳೇ ಪಟ್ಟಿನೇ ಇರಲಿ ಬಿಡಿ," ಎಂದಳು ಅವಳು.

"ಇಟ್ರೆ ಅತ್ತೆ ಹತ್ತುತ್ತಾರೆ, ಗಾಡಿ ಹಳ್ಳ ಹತ್ತಲ್ಲ."

ಒದ್ದೆ ಗೋಣಿಯಿಂದ ನೆಲ ಒರೆಸಿ ಮತ್ತೆ ಬರೆದರು. ಇಟ್ಟಿಗೆಗಳ ಮೇಲೆ ಇನ್ನಷ್ಟು ಇಟ್ಟಿಗೆ ಏರಿತು, ಒಂದಿದ್ದ ಮೆಟ್ಟಿಲು ಎರಡಾಯಿತು. ಬಾಗಿಲ ಕಂಬದ ಜಾಗದಲ್ಲಿ ಒಂದು ಕಂಬ ನಿಂತು, ಎಲ್ಲ ಗಾಡಿಗಳಿಗೆ ಇರುವಂತೆ ಅದಕ್ಕೊಂದು ಹಿಡಿ ಬಂತು. ಅತ್ತೆ ಎರಡನೇ ಮೆಟ್ಟಿಲು ಮುಟ್ಟಿ ಹಿಡಿಯನ್ನು ಜಗ್ಗಿದರು. ಮೈ ಒಳಕ್ಕೆ ಹೋಗುವ ಬದಲು ಹೊರಕ್ಕೆ ವಾಲಿತು. ಸೊಸೆ ಕೈ ಚಾಚಿದಾಗ ಅತ್ತೆ ಅದನ್ನು ತಳ್ಳಿ ಮೆಲ್ಲಗೆ ಇಳಿದರು.

"ಆಯ್ತು ಬಿಡು. ಗುಜರಿಯವನಿಗೆ ಹೇಳು."

ಬಳಪದಣ್ಣ ಕಿವಿಯ ಬಳಪವನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡರು.

"ಯಜಮಾನ್ರು ಎಲ್ಲಿ ನಿಂತು ಎಳೀತಿದ್ರು ಅಮ್ಮ?"

"ನಿಲ್ಲೋದೇನು ಬಂತು? ಆ ಮನುಷ್ಯ ನನಗೋಸ್ಕರ ಯಾವತ್ತು ಇಳಿದಿದ್ರು? ಸ್ಟೇರಿಂಗ್ ಮುಂದೆ ಕೂತೇ ಹೀಗೆ ಚಾಚೋರು."

ಬಳಪದಣ್ಣ ಸೊಸೆಯನ್ನು ಹಲಗೆಯ ಆ ತುದಿಗೆ, ಡ್ರೈವರ್ ಜಾಗದಲ್ಲಿ ಕೂರಿಸಿ ಕೈ ಚಾಚಲು ಹೇಳಿದರು.

"ಇನ್ನೂ ಮುಂದೆ," ಎಂದರು ಅತ್ತೆ. "ಅವರ ಕೈ ಉದ್ದ. ಸ್ವಲ್ಪ ಕೆಳಗೆ. ಹಾಂ, ಅಲ್ಲಿ."

ಕುತ್ತಿಗೆಯ ಅಳತೆ ಪಟ್ಟಿ ಇಳಿಯಿತು. ಹಿಡಿ ಕಂಬವನ್ನು ಬಿಟ್ಟು ಒಳಗೆ, ಎರಡು ಸೀಟುಗಳ ನಡುವೆ, ಗಟ್ಟಿ ಪೈಪಿನ ತುದಿಗೆ ಬಂತು. ಅತ್ತೆ ಒಂದು ಮೆಟ್ಟಿಲು ಹತ್ತಿದರು, ಎರಡನೆಯದು ಹತ್ತಿದರು, ಪೈಪು ಹಿಡಿದು ಜಗ್ಗಿ ಸೀಟಿಗೆ ಬಂದು ಬಿದ್ದರು. ಏದುಸಿರು ಇಳಿಯುವವರೆಗೆ ಅದನ್ನು ಬಿಡಲಿಲ್ಲ.

"ಇದು ಅವರಷ್ಟು ಜೋರಾಗಿ ಎಳೆಯಲ್ಲ," ಎಂದರು. "ನನ್ನ ರಟ್ಟೆ ಉಳೀತು." ಆಮೇಲೆ ಸೊಸೆಯ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ಗುಜರಿಯವನು ಬೇರೆ ಮನೆ ನೋಡ್ಕೊಳ್ಳಲಿ."

ಬಳಪದಣ್ಣ ಈಗಲೂ ಅದೇ ಶೆಡ್ಡಿನಲ್ಲಿ ಹಳೆಯ ಗಾಡಿಗಳನ್ನು ನೆಲದ ಮೇಲೆ ಬರೆಯುತ್ತಾರೆ. ಬರೆಯುವ ಮೊದಲು ಸ್ಪ್ರಿಂಗ್ ಪಟ್ಟಿಗಳನ್ನು ಬಗ್ಗಿ ನೋಡುತ್ತಾರೆ. ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತಾರೆ. ಆ ಪಿಕಪ್ಪನ್ನು ಬರೆದು ಮುಗಿಸಿ, ಸದ್ಯ ಅದರ ನೆಲದ ತಗಡನ್ನು ಕತ್ತರಿಸುತ್ತಿದ್ದಾರೆ.